ಬೊಳ್ಳನ ಎರಡು ಮೂಗು

ಕದ್ರಿ, ಮಂಗಳೂರು
7-2-2025, ಶುಕ್ರವಾರ

ಪ್ರೀತಿಯ ಸೊಸೆ ನಿರೀಕ್ಷಾಳಿಗೆ,

ನಿನ್ನ ಲೋಕು ಮಾವ ಕದ್ರಿಯಿಂದಲೇ ಕೈ ಚಾಚಿ ನಿನ್ನ ತಲೆಯ ಮೇಲಿಟ್ಟು ಮಾಡುವ ಆಶೀರ್ವಾದ. ಮಸ್ಕತ್ತಿನಲ್ಲಿ ನೀನೂ ಸುಜಿತನೂ ಕ್ಷೇಮವೆಂದು ತಿಳಿದಿದ್ದೇನೆ. ಇಲ್ಲಿ ನಾವೂ ಕ್ಷೇಮ. ಅಂದರೆ ರಸ್ತೆಯಲ್ಲಿ ನಿಂತು ನೋಡುವವರಿಗೆ ಕ್ಷೇಮದ ಹಾಗೆಯೇ ಕಾಣುತ್ತೇವೆ.

ಬರೆಯುವುದಕ್ಕೆ ತಡವಾಯಿತು, ಬೇಸರ ಮಾಡಬೇಡ. ಹೊಸ ವರ್ಷಕ್ಕೇ ಬರೆಯುತ್ತೇನೆಂದು ಹೇಳಿದ್ದೆ. ಆದರೆ ಸಾಕ್ಷಿ ಕೈಗೆ ಸಿಗದೆ ಬರೆದರೆ, ಮಾವನಿಗೆ ವಯಸ್ಸಾಯಿತು, ಕಂಡವರ ಮೇಲೆಲ್ಲ ಸಂಶಯ ಎಂದು ನೀನೂ ನಗುತ್ತಿದ್ದೆ. ಈಗ ಸಾಕ್ಷಿ ಬೇಕಾದಷ್ಟು ಉಂಟು.

ಕೈಯಲ್ಲಿ ಮೊಬೈಲ್ ಇರುವಾಗ ಕಾಗದ ಎಂತಕ್ಕೆ ಎಂದು ಕೇಳುವೆ. ನನ್ನ ಮೊಬೈಲ್ ಈಗ ನನ್ನದಲ್ಲ. ನಿನ್ನ ಅತ್ತೆ ಶಶಿಪ್ರಭಾ ಚಾರ್ಜಿಗೆ ಇಡುತ್ತೇನೆಂದು ಒಯ್ಯುತ್ತಾಳೆ. ವಾಪಸು ಬರುವಾಗ ನಾನು ನೋಡದ ಮೆಸೇಜುಗಳನ್ನೆಲ್ಲ ಯಾರೋ ನೋಡಿ ಆಗಿರುತ್ತದೆ. ನಾನು ನಿನಗೆ ಫೋನ್ ಮಾಡಿದರೆ ಅವಳು ಪಕ್ಕದಲ್ಲೇ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಾಳೆ. ಅಷ್ಟು ಹೊತ್ತು ಬಿಡಿಸುವಷ್ಟು ಸೊಪ್ಪು ನಮ್ಮ ಮನೆಗೆ ಬರುವುದೇ ಇಲ್ಲ. ಹಾಗಾಗಿ ಈ ಕಾಗದವನ್ನು ಪಕ್ಕದ ಮನೆಯ ವಿಲ್ಲಿ ಪೊರ್ಬುಗಳ ಮಗ ಗ್ಲೆನ್‌ನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ರಜೆ ಮುಗಿಸಿ ಮಸ್ಕತ್ತಿಗೆ ಹೊರಟಿದ್ದಾನೆ. ಜೊತೆಗೆ ಮಿಡಿ ಉಪ್ಪಿನಕಾಯಿಯ ಬಾಟಲಿಯೂ ಉಂಟು. ಕವರಿಗೆ ಅನ್ನದ ಅಂಟು ಹಾಕಿ, ಅಂಟಿನ ಮೇಲೆ ಅಡ್ಡಕ್ಕೆ ಸಹಿ ಮಾಡಿದ್ದೇನೆ. ಸಹಿ ತುಂಡಾಗಿದ್ದರೆ ಗ್ಲೆನ್ ಓದಿದ್ದಾನೆ ಎಂದು ತಿಳಿ. ಹುಡುಗ ಒಳ್ಳೆಯವನೇ. ಆದರೆ ಅವನ ಅಪ್ಪ ಈ ಸಂಚಿನಲ್ಲಿ ಇದ್ದಾರೆ.

ಯಾವ ಸಂಚು ಎಂದು ಹೇಳುತ್ತೇನೆ. ನನ್ನ ಕಾರನ್ನು ನನ್ನ ಕೈಯಿಂದ ಬಿಡಿಸುವ ಸಂಚು.

ನಮ್ಮ ಬಿಳಿ ಕಾರನ್ನು ನಾನು ಬೊಳ್ಳ ಎಂದು ಕರೆಯುವುದು ನಿನಗೆ ಗೊತ್ತುಂಟು. ಊರಿನಲ್ಲಿ ನಮ್ಮ ಬಿಳಿ ಎತ್ತಿಗಿದ್ದ ಹೆಸರು ಅದು. ನೀನು ಮಗುವನ್ನು ನಮ್ಮ ಹತ್ತಿರ ಬಿಟ್ಟು ಹೋದ ದಿನದಿಂದ ಮನ್ವಿತಾಳನ್ನು ಬಿಕರ್ನಕಟ್ಟೆಯ ಆಚೆಯ ಶಾಲೆಗೆ ಬಿಡುವುದು, ಕರೆತರುವುದು ನನ್ನ ಮತ್ತು ಬೊಳ್ಳನ ಕೆಲಸ. ಹೋಟೆಲು ಮುಚ್ಚಿದ ಮೇಲೆ ನನಗಿರುವ ಕೆಲಸವೆಂದರೆ ಇದೊಂದೇ. ಮನೆಯಲ್ಲಿ ಬಾಯಿ ಬಿಡದ ಮಗು ಕಾರಿನಲ್ಲಿ ಕೂತರೆ ಸಾಕು, ಟೀಚರಿನ ಸೀರೆಯಿಂದ ಹಿಡಿದು ಡಬ್ಬದಲ್ಲಿ ಯಾರು ಎಂತ ತಂದರು ಎಂಬವರೆಗೆ ಎಲ್ಲವನ್ನೂ ಹೇಳುತ್ತಾಳೆ. ನಂತೂರಿನ ಟ್ರಾಫಿಕ್ಕಿಗೆ ಶಾಪ ಹಾಕದ ಮನುಷ್ಯ ಇಡೀ ಮಂಗಳೂರಿನಲ್ಲಿ ನಾನೊಬ್ಬನೇ ಇರಬೇಕು. ಅಲ್ಲಿ ಬ್ಲಾಕ್ ಆದಷ್ಟೂ ನನಗೆ ಲಾಭ.

ಈ ವಾರದಿಂದ ನಿನ್ನ ಅತ್ತೆ ಅವಳನ್ನು ಜಯನ ರಿಕ್ಷಾದಲ್ಲಿ ಕಳಿಸುತ್ತಿದ್ದಾಳೆ. ನನ್ನ ಕಾರು ಗೇಟಿನೊಳಗೆ ನಿಂತಿರುವಾಗಲೇ ಗೇಟಿನ ಹೊರಗೆ ರಿಕ್ಷಾ ಬಂದು ಹಾರ್ನ್ ಹೊಡೆಯುತ್ತದೆ. ಕಾರಣ ಕೇಳಿದರೆ ಪೆಟ್ರೋಲ್ ವಾಸನೆಯಂತೆ. ಕಾರಿನೊಳಗೆ ಹೊಗೆ ವಾಸನೆಯಂತೆ. ಮಗುವಿಗೆ ತಲೆನೋವಂತೆ.

ತಲೆನೋವಿನ ಕಥೆ ನಾನು ಆಗಲೇ ನಿನಗೆ ಫೋನಿನಲ್ಲಿ ಹೇಳಿದ್ದೆನಲ್ಲ. ಗಣಿತದ ಪರೀಕ್ಷೆ ಹತ್ತಿರ ಬಂದಾಗ ಶುರುವಾದ ತಲೆನೋವು ಅದು. ನೀನು ವಿಡಿಯೋದಲ್ಲಿ ಅವಳಿಗೆ ಬೈದದ್ದು ಒಳ್ಳೆಯದಾಯಿತು, ಕೆಲವು ದಿನ ಸುಮ್ಮನಿದ್ದಳು. ಆಮೇಲೆ ಬಿಕರ್ನಕಟ್ಟೆಯ ಹತ್ತಿರ ಸೀಟಿನ ಮೇಲೆಯೇ ವಾಂತಿ ಮಾಡಿದಳು. ಬೆಳಿಗ್ಗೆ ಅತ್ತೆ ಕೊಟ್ಟ ಬನ್ಸು ಹೆಚ್ಚಾಗಿತ್ತು, ಅಷ್ಟೇ. ಅದನ್ನೂ ಬೊಳ್ಳನ ತಲೆಗೆ ಕಟ್ಟಿದರು.

ನನ್ನ ಮೂಗಿನ ವಿಷಯ ನಿನಗೆ ಹೇಳಬೇಕಾಗಿಲ್ಲ. ಊರ ಶಾಲೆಯಲ್ಲಿ ನಾನು ಏಳನೆಯ ಕ್ಲಾಸಿನಿಂದ ಮುಂದೆ ಹೋಗಲಿಲ್ಲ, ಆದರೆ ಈ ಮೂಗು ಎಂ.ಎ. ಮಾಡಿದೆ. ಸುರತ್ಕಲ್ಲಿನಲ್ಲಿ ಹೋಟೆಲು ನಡೆಸುವಾಗ ಡಬ್ಬದ ಮುಚ್ಚಳ ತೆಗೆಯುವ ಮೊದಲೇ ಒಳಗಿನ ಎಣ್ಣೆ ಕಮಟು ಹಿಡಿದಿದೆಯೋ ಇಲ್ಲವೋ ಹೇಳುತ್ತಿದ್ದೆ. ಮದುವೆಮನೆಯ ಅಡುಗೆಯವರು ತುಪ್ಪ ಮೂಸುವುದಕ್ಕೆಂದೇ ನನ್ನನ್ನು ಕರೆಸುತ್ತಿದ್ದರು. ಬಾಗಿಲು ಹಾಕಿದ ಕೋಣೆಯಲ್ಲಿರುವ ಹಲಸಿನಹಣ್ಣು ಗಟ್ಟಿ ತೊಳೆಯ ಬಕ್ಕೆಯೋ ಮೆತ್ತನೆಯ ತುಳುವನೋ ಎಂದು ಜಗಲಿಯಲ್ಲಿ ಕೂತು ಹೇಳಿದವನು ನಾನು. ಇಂಥ ಮೂಗಿಗೆ ಬಾರದ ವಾಸನೆ ಮೂರನೆಯ ಕ್ಲಾಸಿನ ಮಗುವಿನ ಮೂಗಿಗೆ ಬರುವುದು ಹೇಗೆ? ನಾನು ಬೊಳ್ಳನೊಳಗೆ ಗ್ಲಾಸು ಏರಿಸಿ ಕೂತು, ಕಣ್ಣು ಮುಚ್ಚಿ, ದೀರ್ಘವಾಗಿ ಎಳೆದು ನೋಡಿದ್ದೇನೆ. ಎಂತದೂ ಇಲ್ಲ. ದೇವರ ಕೋಣೆಯ ಹಾಗೆ ಶುದ್ಧ.

ಅತ್ತೆಯ ನಡೆ ಮೊದಲಿನ ಹಾಗಿಲ್ಲ. ನಾನು ಮೀನು ತಂದರೆ ಗೇಟಿನಲ್ಲೇ ಚೀಲ ಕಸಿದುಕೊಂಡು ಹಿತ್ತಿಲಿಗೆ ಹೋಗುತ್ತಾಳೆ. ಕೆಲವು ಸಲ ಆ ಮೀನು ಅಡುಗೆಗೆ ಬರುವುದೇ ಇಲ್ಲ. ಬೆಕ್ಕು ಕೊಂಡುಹೋಯಿತು ಎನ್ನುತ್ತಾಳೆ. ನಮ್ಮ ಬೆಕ್ಕು ಮುದಿಬೆಕ್ಕು, ಬಂಗುಡೆ ಹೊತ್ತು ಓಡುವ ಪ್ರಾಯ ದಾಟಿದೆ. ನಾನು ಚಹಾ ಮಾಡಿ ಬಂದರೆ ಹಿಂದೆಯೇ ಹೋಗಿ ಗ್ಯಾಸಿನ ಕಿವಿ ತಿರುಗಿಸಿ ನೋಡುತ್ತಾಳೆ. ಅಡುಗೆಯ ರುಚಿ ಹೋಗಿ ಎಷ್ಟೋ ಕಾಲವಾಯಿತು, ಕೇಳಿದರೆ ಮಾರನೆಯ ದಿನ ಬೇರೆ ಮಸಾಲೆ. ಇದೆಲ್ಲ ಕೂಡಿಸಿ ನೋಡಿದರೆ ಎಂತದೋ ಮುಚ್ಚಿಡುತ್ತಿದ್ದಾಳೆ ಎಂದೇ ಅರ್ಥ.

ಇನ್ನು ವಿಲ್ಲಿ ಪೊರ್ಬು. ಹಡಗಿನ ಇಂಜಿನ್ ರೂಮಿನಲ್ಲಿ ದುಡಿದು ನಿವೃತ್ತರಾದವರು, ಕೈ ಸುಮ್ಮನಿರುವುದಿಲ್ಲ. ಗ್ಲೆನ್ ಅವರಿಗೆ ಒಂದು ಸಣ್ಣ ಡಬ್ಬಿ ತಂದು ಕೊಟ್ಟಿದ್ದಾನೆ. ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಕಾರಿನ ಕಾಯಿಲೆ ಮೊಬೈಲಿನಲ್ಲಿ ಕಾಣುತ್ತದಂತೆ. ಬೊಳ್ಳನ ಮೀಟರಿನ ಹತ್ತಿರ ಇಂಜಿನಿನ ಆಕಾರದ ಒಂದು ಹಳದಿ ದೀಪ ಕೆಲವು ತಿಂಗಳಿಂದ ಉರಿಯುತ್ತಿತ್ತು. ನನಗೇನೂ ತೊಂದರೆ ಇರಲಿಲ್ಲ, ದೀಪವೆಂದ ಮೇಲೆ ಉರಿಯಬೇಕು. ಒಂದು ದಿನ ಸ್ನಾನ ಮುಗಿಸಿ ಬರುವಾಗ ನೋಡುತ್ತೇನೆ, ಪೊರ್ಬು ನನ್ನ ಸೀಟಿನಲ್ಲಿ ಕೂತು, ಬಾಗಿಲಲ್ಲಿ ನಿಂತ ನಿನ್ನ ಅತ್ತೆಗೆ ಮೆಲ್ಲಗೆ ಹೇಳುತ್ತಿದ್ದಾರೆ: "ಬ್ಯಾಂಕ್ ಒಂದು. ಎರಡೂ ಹೋಗಿದೆ. ಲೋಕಣ್ಣನಿಗೆ ಈಗಲೇ ಹೇಳುವುದು ಬೇಡ."

ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕುಗಳು ಒಂದೊಂದಾಗಿ ಬೇರೆ ಬ್ಯಾಂಕುಗಳ ಹೊಟ್ಟೆ ಸೇರಿದ್ದನ್ನು ಕಂಡವರಿಗೆ ಬ್ಯಾಂಕ್ ಹೋಯಿತು ಎಂದರೆ ಬೇರೆ ಎಂತ ಅನ್ನಿಸಬೇಕು? ಸೊಂಟಕ್ಕೆ ಸುತ್ತಿದ ಬೈರಾಸಿನಲ್ಲೇ ಒಳಗೆ ಓಡಿ ಪಾಸ್‌ಬುಕ್ ಹುಡುಕಿದೆ. ಅಂಗಿ ಹಾಕಿಕೊಂಡು ಬ್ರಾಂಚಿಗೂ ಹೋಗಿ ಬಂದೆ. ಕೌಂಟರಿನ ಹುಡುಗಿ, ಬ್ಯಾಂಕ್ ಇಲ್ಲಿಯೇ ಉಂಟಲ್ಲ ಅಂಕಲ್ ಎಂದು ನಕ್ಕಳು. ಮನೆಗೆ ಬಂದು ಗದರಿಸಿದ ಮೇಲೆ ಪೊರ್ಬು ಬಾಯಿ ಬಿಟ್ಟರು. ಇಂಜಿನಿನ ಒಂದು ಬದಿಗೆ ಬ್ಯಾಂಕ್ ಎನ್ನುತ್ತಾರಂತೆ. ಹೊಗೆ ಹೋಗುವ ಪೈಪಿನಲ್ಲಿ ಎರಡು ಆಕ್ಸಿಜನ್ ಸೆನ್ಸರ್ ಇರುತ್ತದಂತೆ, ಮೇಲೊಂದು ಕೆಳಗೊಂದು. ಎರಡೂ ಕೆಟ್ಟಿವೆಯಂತೆ.

ಆಕ್ಸಿಜನ್ ಎಂದರೆ ಆಮ್ಲಜನಕ ಎಂದು ಏಳನೆಯ ಕ್ಲಾಸಿನವನಿಗೂ ಗೊತ್ತು. ಆಸ್ಪತ್ರೆಯಲ್ಲಿ ಮನುಷ್ಯರಿಗೆ ಕೊಡುವ ವಸ್ತು ಕಾರಿಗೆ ಎಂತಕ್ಕೆ ಎಂದು ಕೇಳಿದೆ. ಪೊರ್ಬು ವಿವರಿಸಲು ಹೋಗಿ ಸೋತರು. ಗ್ಯಾರೇಜಿಗೆ ಕೊಡುವ ಎಂದರು. ನೋಡು, ಅಲ್ಲಿಗೆ ಸಂಚು ಪೂರ್ತಿಯಾಯಿತು. ಗ್ಯಾರೇಜಿಗೆ ಹೋದ ಹಳೆಯ ಕಾರಿಗೆ ಅಲ್ಲಿ ಹೊಸ ಹೊಸ ಕಾಯಿಲೆ ಹುಟ್ಟುತ್ತದೆ. ಆಮೇಲೆ, ಇದನ್ನು ಕೊಟ್ಟುಬಿಡಿ ಲೋಕಣ್ಣ ಎನ್ನುತ್ತಾರೆ. ನಾನು ಹೇಳಿದೆ, ಸೆನ್ಸರನ್ನು ನಾನೇ ಬದಲಿಸುತ್ತೇನೆ, ನನ್ನ ಮನೆಯಲ್ಲೇ, ನನ್ನ ಕಣ್ಣೆದುರಿಗೇ.

ನಿನ್ನ ಅತ್ತೆ ಹೇಳಿದಳು: "ಆ ದೀಪ ಹೋಗಲಿ, ವಾಸನೆ ಹೋಗಲಿ. ಮತ್ತೆ ಮಗುವನ್ನು ನಿಮ್ಮ ಕಾರಿನಲ್ಲೇ ಕಳಿಸ್ತೇನೆ. ಅಲ್ಲಿವರೆಗೆ ಇಲ್ಲ."

ಒಪ್ಪಿದೆ. ವಾಸನೆ ಇಲ್ಲದ ಮೇಲೆ ಹೋಗುವ ಪ್ರಶ್ನೆ ಎಲ್ಲಿ? ದೀಪ ಒಂದು ಆರಿದರೆ ಗೆದ್ದೆ.

ನಿನ್ನೆ ಯಾಹ್ಯಾನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿದ್ದೆ. ನಮ್ಮ ಹೋಟೆಲಿನಲ್ಲಿ ನೀರುದೋಸೆ ತಿಂದು ಬೆಳೆದವನು, ನನಗೆ ಮೋಸ ಮಾಡಲಿಕ್ಕಿಲ್ಲ ಎಂದುಕೊಂಡಿದ್ದೆ. ಒಂದು ಸಾಕಲ್ಲವಾ ಎಂದು ಅವನೇ ಕೇಳಿದ. ಒಂದು ಎತ್ತು ಹೊಸತು, ಒಂದು ಹಳತು ಕಟ್ಟಿ ಗದ್ದೆ ಉಳುವವನು ನಾನಲ್ಲ, ಎರಡೂ ಕೊಡು ಎಂದೆ. ಸೆನ್ಸರ್ ಎಂದರೆ ಎಂತ ಎಂದು ಕೇಳಿದ್ದಕ್ಕೆ ಅವನು ಒಂದೇ ಮಾತಿನಲ್ಲಿ ತಿಳಿಸಿದ: "ಇದು ಗಾಡಿಯ ಮೂಗು ಲೋಕಣ್ಣ. ಹೊಗೆ ಮೂಸಿ ಪೆಟ್ರೋಲ್ ಹೆಚ್ಚಾಯ್ತಾ ಕಮ್ಮಿಯಾಯ್ತಾ ಅಂತ ಇಂಜಿನಿಗೆ ಹೇಳ್ತದೆ. ಮೂಗು ಸತ್ತರೆ ಇಂಜಿನು ಕುಡಿದದ್ದೇ ಕುಡಿದದ್ದು."

ಪೆಟ್ಟಿಗೆ ಬಿಡಿಸಿ ನಾನು ಮೂಸಿ ನೋಡಿದೆ. ಹೊಸ ಕಬ್ಬಿಣಕ್ಕೆ, ಹೊಸ ವಯರಿಗೆ ಒಂದು ವಾಸನೆ ಇರುತ್ತದೆ. ಇದಕ್ಕೆ ಇರಲಿಲ್ಲ. ಹಳೆಯ ಮಾಲನ್ನು ಒರಸಿ ಕೊಡುತ್ತೀಯಾ ಎಂದು ಕೇಳಿಯೇ ಬಿಟ್ಟೆ. ಅವನ ಮುಖ ಸಣ್ಣದಾಯಿತು. ಇನ್ನೊಂದು ಪೆಟ್ಟಿಗೆ ಒಡೆದ. ಅದಕ್ಕೂ ವಾಸನೆ ಇಲ್ಲ. ಮತ್ತೊಂದು ಒಡೆದ. ಕೊನೆಗೆ, ನಿಮಗೆ ಬೇಕಾದ್ದನ್ನು ನೀವೇ ಆರಿಸಿ ಎಂದು ಗಲ್ಲಾ ಬಿಟ್ಟು ಒಳಗೆ ಹೋದ. ಅವನ ಹೆಸರನ್ನೂ ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಕೆಲಸ ಆದಿತ್ಯವಾರ. ಫಲಿತಾಂಶ ನಿನಗೆ ಫೋನಿನಲ್ಲಿ ಗೂಢವಾಗಿ ತಿಳಿಸುತ್ತೇನೆ. "ಉಪ್ಪಿನಕಾಯಿ ಚೆನ್ನಾಗಿದೆಯಾ" ಎಂದು ನಾನು ಕೇಳಿದರೆ ಗೆದ್ದೆ ಎಂದು ಅರ್ಥ.

11-2-2025, ಮಂಗಳವಾರ

ಮೇಲಿನದನ್ನು ಬರೆದು ಅಂ‌ಟು ಹಾಕಿ ಆಗಿತ್ತು. ಗ್ಲೆನ್‌ನ ವಿಮಾನ ನಾಳೆಗೆ ಹೋಯಿತಂತೆ. ಕವರನ್ನು ನಾನೇ ಹರಿದಿದ್ದೇನೆ, ಹೊಸ ಕವರು ಹಾಕುತ್ತೇನೆ. ಹಳೆಯ ಸಹಿಯ ಲೆಕ್ಕ ಬಿಡು.

ಆದಿತ್ಯವಾರದ ಕಥೆ ಹೇಳುತ್ತೇನೆ. ಬೆಳಿಗ್ಗೆ ಇಂಜಿನು ತಣ್ಣಗಿರುವಾಗಲೇ ಬಾನೆಟ್ ಎತ್ತಿದೆ. ಮೊದಲು ಬ್ಯಾಟರಿಯ ನೆಗೆಟಿವ್ ವಯರ್ ಬಿಡಿಸಿದೆ. ಯೂಟ್ಯೂಬಿನಲ್ಲಿ ಒಬ್ಬ ಗಡ್ಡದವನು ಹಾಗೆ ಹೇಳಿದ್ದ. ಅವನು ಹೇಳದಿದ್ದರೂ ನನಗೆ ಹೊಳೆಯುತ್ತಿತ್ತು. ಸಹಾಯಕ್ಕೆಂದು ವಿಲ್ಲಿ ಪೊರ್ಬು ಬಂದು ನಿಂತರು. ನಿಲ್ಲಲಿ, ಕೈ ಹಾಕುವುದು ಬೇಡ ಎಂದೆ. ಅತ್ತೆ ಟಾರ್ಚು ಹಿಡಿದಳು. ಮನ್ವಿತಾ ಕಾಂಪೌಂಡಿನ ಗೋಡೆ ಹತ್ತಿ ಕಾಲು ಇಳಿಬಿಟ್ಟು ಕೂತಳು.

ಮೇಲಿನ ಸೆನ್ಸರ್ ಇಂಜಿನಿನ ಎದೆಯಲ್ಲೇ ಇರುತ್ತದೆ. ಕೊಕ್ಕೆ ಒತ್ತಿ ವಯರ್ ಬಿಡಿಸಿ, ಇಪ್ಪತ್ತೆರಡರ ಸ್ಪ್ಯಾನರ್ ಸಿಕ್ಕಿಸಿ, ಉಸಿರು ಕಟ್ಟಿ ಬಲ ಹಾಕಲು ಹೋದೆ. ಬಲವೇ ಬೇಕಾಗಲಿಲ್ಲ, ಬಾಟಲಿಯ ಮುಚ್ಚಳದ ಹಾಗೆ ತಿರುಗಿ ಕೈಗೆ ಬಂತು. ಅದರ ಬುಡದ ಸುತ್ತ ಕಾಡಿಗೆಯ ಹಾಗೆ ಮಸಿ. ಪೊರ್ಬು ಬಗ್ಗಿ ನೋಡಿ, ಹಿಂದೆ ಯಾರೋ ಇದನ್ನು ಸರಿಯಾಗಿ ಬಿಗಿ ಮಾಡಿಲ್ಲ, ಹೊಗೆ ಇಲ್ಲಿಂದಲೇ ಸೋರಿ ಕಾರಿನೊಳಗೆ ಹೋಗುತ್ತಿತ್ತು ಎಂದರು. ನಾನು ಅವರ ಕೈಯನ್ನೇ ನೋಡಿದೆ. ನಾನು ಸ್ನಾನಕ್ಕೆ ಹೋಗಿದ್ದಾಗ ನೀವೇ ಸಡಿಲ ಮಾಡಿದ್ದಾ ಎಂದು ಕೇಳಿದೆ. ಹಡಗಿನಲ್ಲಿ ಇಂಥ ಮಾತಿಗೆ ಸಮುದ್ರಕ್ಕೆ ಎಸೆಯುತ್ತಿದ್ದರು ಎಂದರು ಪೊರ್ಬು. ಹೊಸದನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರಿನಿಂದ ಬಿಗಿ ಮಾಡಿದೆ. ತುದಿಯನ್ನು ಮುಟ್ಟಬಾರದು, ತಿರುಪಿಗೆ ಹಚ್ಚುವ ಪೇಸ್ಟು ಅದಕ್ಕೆ ತಾಗಬಾರದು. ಮದುಮಗಳ ಮೂಗುತಿ ಹಾಕುವಷ್ಟು ನಾಜೂಕು.

ಕೆಳಗಿನದು ಕಷ್ಟ. ಅದಕ್ಕೆ ಕಾರಿನ ಅಡಿಗೆ ಹೋಗಬೇಕು. ಪೊರ್ಬು ಜಾಕಿ ಎಂದರು. ಜಾಕಿ ನಂಬಿ ಕಾರಿನಡಿಗೆ ಹೋಗುವಷ್ಟು ನಾನು ಯಾರನ್ನೂ ನಂಬಿಲ್ಲ. ನನಗೆ ಬೇರೆ ಉಪಾಯ ಹೊಳೆದಿತ್ತು. ನಮ್ಮ ಗೇಟಿನ ಎದುರು ಗುಡ್ಡದ ಮಳೆನೀರು ಹೋಗುವ ಚರಂಡಿ ಉಂಟಲ್ಲ, ಸೊಂಟದವರೆಗೆ ಆಳ, ಈಗ ಒಣಗಿದೆ. ಅದರ ಮೇಲೆ ಹಾಕಿದ ಕಲ್ಲುಚಪ್ಪಡಿಗಳಲ್ಲಿ ನಡುವಿನದನ್ನು ಹಾರೆಯಿಂದ ಸರಿಸಿದೆವು. ಎರಡು ಬದಿಯ ಚಪ್ಪಡಿಗಳ ಮೇಲೆ ಬೊಳ್ಳನ ಚಕ್ರಗಳನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನಾನು ಚರಂಡಿಗೆ ಇಳಿದು ಕಾರಿನ ಹೊಟ್ಟೆಯ ಅಡಿಗೆ ನಡೆದೇ ಹೋದೆ. ದೊಡ್ಡ ಗ್ಯಾರೇಜಿನವರು ನೆಲ ಅಗೆದು ಮಾಡುವ ಹೊಂಡ ನಮ್ಮ ಮನೆಯೆದುರು ಕಾರ್ಪೊರೇಷನಿನವರು ಬಿಟ್ಟಿಯಾಗಿ ಮಾಡಿಟ್ಟಿದ್ದಾರೆ. ಇದು ಮಂಗಳೂರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕೆಳಗಿನ ಸೆನ್ಸರ್ ಸಮುದ್ರದ ಗಾಳಿಗೆ ತುಕ್ಕು ಹಿಡಿದು ಪೈಪಿನ ಜೊತೆ ಒಂದಾಗಿತ್ತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಕಾದೆ. ಕಾಯುವಾಗ ಹಸಿವಾಯಿತು. ಮೇಲೆ ಬನ್ನಿ ಎಂದಳು ಅತ್ತೆ, ಇಲ್ಲಿಗೇ ಕೊಡು ಎಂದೆ. ತಟ್ಟೆಯಲ್ಲಿ ಗೋಳಿಬಜೆ, ಲೋಟದಲ್ಲಿ ಚಹಾ ಇಳಿಸಿದಳು. ತಟ್ಟೆಯನ್ನು ಚರಂಡಿಯ ಕಟ್ಟೆಯಲ್ಲಿಟ್ಟುಕೊಂಡು ಆರಾಮವಾಗಿ ತಿಂದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ ಬೇಗ ಬೇಗ ಹೋಗುತ್ತಿದ್ದರು. ನನ್ನ ಧೈರ್ಯ ನೋಡಿ ಬೆರಗಾಗಿದ್ದಾರೆ ಎಂದುಕೊಂಡೆ. ಸ್ಪ್ಯಾನರಿಗೆ ಒಂದು ಉದ್ದದ ಪೈಪು ಸಿಕ್ಕಿಸಿ ತೂಗಿದಾಗ ಅದು ಕಿರ್ರೆಂದು ಬಿಟ್ಟುಕೊಂಡಿತು.

ಆ ಖುಷಿಯಲ್ಲಿ ಗೋಡೆಯ ಕಡೆ ನೋಡಿ ಮನ್ವಿತಾಳಿಗೆ ಕೂಗಿ ಕೇಳಿದೆ, ಈಗ ಎಂತದಾದರೂ ವಾಸನೆ ಉಂಟಾ ಹೇಳು ಎಂದು. ಅವಳು ಫ್ರಾಕಿನ ಅಂಚನ್ನು ಮುಖಕ್ಕೆ ಒತ್ತಿ ಹಿಡಿದಿದ್ದಳು. ನಗು ಮುಚ್ಚಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. "ಇಲ್ಲ ಅಜ್ಜ" ಎಂದಳು.

ಆಗ ಪೊರ್ಬು ಮೆಲ್ಲಗೆ, ಲೋಕಣ್ಣ, ನಿಮಗೆ ನಿಜವಾಗಿಯೂ ಎಂತದೂ ಗೊತ್ತಾಗ್ತಾ ಇಲ್ವಾ ಎಂದು ಕೇಳಿದರು. ಕರ್ಚೀಫು ಅವರ ಮೂಗಿನ ಮೇಲಿತ್ತು. ನಿನ್ನ ಅತ್ತೆ ಸೆರಗು ಮುಚ್ಚಿಕೊಂಡು ಬಗ್ಗಿ, ಬನ್ನಿ ಮೇಲೆ ಎಂದಳು. ಹೊಸದನ್ನು ಕೂರಿಸುವುದು ಬಾಕಿ ಉಂಟು ಎಂದೆ.

"ಒಮ್ಮೆ ನಿಮ್ಮ ಎಡಗಡೆಗೆ ಟಾರ್ಚು ಹಿಡಿದು ನೋಡಿ ಮಾರಾಯ್ರೆ" ಎಂದು ಅತ್ತೆ ಟಾರ್ಚನ್ನು ಕೆಳಗೆ ಕೊಟ್ಟಳು.

ಹಿಡಿದೆ. ಒಂದು ಹೆಗ್ಗಣ. ಸತ್ತು ಎಷ್ಟೋ ದಿನವಾಗಿತ್ತು, ಉಬ್ಬಿ ಒಡೆದಿತ್ತು. ನನ್ನ ಗೋಳಿಬಜೆಯ ತಟ್ಟೆಗೂ ಅದಕ್ಕೂ ನಡುವೆ ಒಂದು ಮೊಳ ಜಾಗ.

ನನಗೆ ಜೋರು ಶೀತ, ಮೂಗು ಕಟ್ಟಿದೆ ಎಂದೆ. ಹೋಟೆಲು ನಡೆಸಿದವನು ಇದಕ್ಕೆಲ್ಲ ಹೆದರಿದರೆ ಆಗುತ್ತದಾ ಎಂದೂ ಹೇಳಿದೆ. ಯಾರೂ ನಗಲಿಲ್ಲ. ನನ್ನ ಮಾತಿಗೆ ವಿಲ್ಲಿ ಪೊರ್ಬು ನಗದೇ ಇದ್ದದ್ದು ನಾನು ಕಂಡಂತೆ ಅದೇ ಮೊದಲು. ಅವರೇ ಕೈಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಕೊಂಡು ಬಂದು ಹೆಗ್ಗಣವನ್ನು ತೆಗೆದರು.

ಕೆಲಸ ಅರ್ಧಕ್ಕೆ ಬಿಡಲಿಲ್ಲ. ಹೊಸದನ್ನು ಕೂರಿಸಿದೆ, ವಯರು ಬಿಸಿ ಪೈಪಿಗೆ ತಾಗದ ಹಾಗೆ ಕಟ್ಟಿದೆ, ಮೇಲೆ ಬಂದು ಬ್ಯಾಟರಿ ಜೋಡಿಸಿದೆ. ಪೊರ್ಬು ಡಬ್ಬಿ ಸಿಕ್ಕಿಸಿ ಎಂತದೋ ಒತ್ತಿದರು. ಬೊಳ್ಳ ಒಂದೇ ಸಲಕ್ಕೆ ಎದ್ದ. ಹಳದಿ ದೀಪ ಇಲ್ಲ. ಕದ್ರಿ ಗುಡ್ಡವನ್ನು ಎರಡು ಸುತ್ತು ಹಾಕಿ ಬಂದೆವು, ಮತ್ತೂ ಇಲ್ಲ. ಅತ್ತೆ ಹಿಂದಿನ ಸೀಟಿನಲ್ಲಿ ಕೂತು ನೋಡಿದಳು, ಪೊರ್ಬು ಬಾನೆಟ್ಟಿಗೆ ಮುಖವಿಟ್ಟು ನೋಡಿದರು. ವಾಸನೆ ಹೋಗಿದೆ, ಕಾರು ಸರಿಯಾಗಿದೆ ಎಂದು ಇಬ್ಬರೂ ಒಪ್ಪಿದರು. ಗೆದ್ದವನು ನಾನು. ಸೋಮವಾರ ಬೆಳಿಗ್ಗೆ ಜಯನ ರಿಕ್ಷಾ ಬರಲಿಲ್ಲ, ಮನ್ವಿತಾ ನನ್ನ ಜೊತೆಯೇ ಹೋದಳು.

ಸುಜಿತನಿಗೆ ನನ್ನ ಪ್ರೀತಿ ಹೇಳು. ಬಿಸಿಲಿನಲ್ಲಿ ತಿರುಗುವ ಕೆಲಸ, ಮಜ್ಜಿಗೆ ಕುಡಿಯಲು ಹೇಳು. ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬೇಡ. ನಮ್ಮ ದೈವಗಳು ನಿಮ್ಮಿಬ್ಬರ ಬೆನ್ನಿಗಿರಲಿ, ನೀವು ಹಿಡಿದ ಕೆಲಸ ಕೈಗೂಡಲಿ. ರಜೆ ಸಿಕ್ಕಿದ ಕೂಡಲೇ ಬಂದು ಮಗುವನ್ನು ಕಣ್ತುಂಬ ನೋಡಿ.

ಇಂತಿ ನಿನ್ನ ಪ್ರೀತಿಯ,
ಲೋಕು ಮಾವ

ತಾ.ಕ.: ನನಗೆ ಶೀತ ಇಲ್ಲ, ನಿರೀಕ್ಷಾ.

ಹಿಂದಿನ ಮಳೆಗಾಲಕ್ಕೂ ಹಿಂದೆ ನನಗೆ ದೊಡ್ಡ ಜ್ವರ ಬಂದಿತ್ತಲ್ಲ, ಅದು ಬಿಡುವಾಗ ಮೂಗನ್ನೂ ಕೊಂಡುಹೋಗಿದೆ. ಗೊತ್ತಿರಲಿಲ್ಲ ಎಂದರೆ ನೀನು ನಂಬುವುದಿಲ್ಲ, ಗೊತ್ತಿತ್ತು ಎಂದರೂ ಸುಳ್ಳು. ಮೀನಿನವಳು ಮೋಸ ಮಾಡುತ್ತಾಳೆ, ಹೂವಿನವನು ನಿನ್ನೆಯ ಮಲ್ಲಿಗೆ ಕೊಡುತ್ತಾನೆ, ಎಣ್ಣೆ ಬರೀ ನೀರು, ನಿನ್ನ ಅತ್ತೆಗೆ ಅಡುಗೆ ಮರೆತುಹೋಗಿದೆ. ಊರೇ ಕಲಬೆರಕೆಯಾಯಿತು ಎಂದು ನಾನು ತಿಳಿದಿದ್ದೆ. ಆದಿತ್ಯವಾರ ಎಲ್ಲರೂ ಹೋದ ಮೇಲೆ ಅತ್ತೆಯನ್ನು ಕೇಳಿದೆ. ಒಮ್ಮೆ ಗ್ಯಾಸು ಸೋರುವಾಗ ನಾನು ಅಡುಗೆಕೋಣೆಯಲ್ಲಿ ಕೂತು ಪೇಪರ್ ಓದುತ್ತಿದ್ದೆನಂತೆ, ಅಂದಿನಿಂದ ಅವಳಿಗೆ ಗೊತ್ತಂತೆ. ಯಾಕೆ ಹೇಳಲಿಲ್ಲ ಎಂದೆ. "ನಿಮ್ಮ ಮೂಗಿಗೆ ಊರಿಡೀ ಹೆಸರುಂಟು. ನಾನು ಹೇಗೆ ಹೇಳಲಿ?" ಎಂದಳು.

ಅದು ಹೋಗಲಿ. ಪ್ರಾಯ ಸಂದವನ ಮೂಗು, ಇದ್ದಷ್ಟು ದಿನ ದುಡಿಯಿತು. ನಾನು ಬರೆಯಲು ಹೊರಟದ್ದು ಅದಲ್ಲ.

ವಾಂತಿ ಮಾಡಿದ ದಿನ ಮಗು, ಅಜ್ಜ ಗ್ಲಾಸು ಇಳಿಸು ಎಂದು ಕೇಳಿದ್ದಳು. ನಾಟಕ ಹೆಚ್ಚಾಯಿತು ಎಂದು ನಾನು ನನ್ನ ಕಡೆಯ ಬಟನ್ ಒತ್ತಿ ಎಲ್ಲ ಗ್ಲಾಸುಗಳನ್ನೂ ಲಾಕ್ ಮಾಡಿದೆ. ಅವಳು ಸುಳ್ಳು ಹೇಳುತ್ತಾಳೆಂದು ನಿನಗೆ ಚಾಡಿ ಹೇಳಿ ಬೈಯಿಸಿದವನೂ ನಾನೇ. ಅವಳು ಹೇಳಿದ್ದು ಒಂದೂ ಸುಳ್ಳಲ್ಲ.

ನಿನ್ನೆ ನಂತೂರಿನ ಬ್ಲಾಕಿನಲ್ಲಿ ನಿಂತಿದ್ದಾಗ ಕೇಳಿದೆ, ಮನ್ವಿ, ಈಗ ಎಂತದಾದರೂ ವಾಸನೆ... ನಾನು ಮಾತು ಮುಗಿಸುವ ಮೊದಲೇ "ಇಲ್ಲ ಅಜ್ಜ" ಎಂದಳು. ಕನ್ನಡಿಯಲ್ಲಿ ನೋಡಿದರೆ ನನ್ನ ಮುಖವನ್ನೇ ನೋಡುತ್ತಿದ್ದಳು. ಒಡೆದ ಹೆಗ್ಗಣದ ಎದುರು ಗೋಡೆಯ ಮೇಲೆ ಕೂತು, ಮೂಗು ಮುಚ್ಚಿಕೊಂಡು ಇಲ್ಲ ಎಂದಳಲ್ಲ, ಅದೇ ದನಿ. ಅವಳು ಉತ್ತರವನ್ನು ಕಲಿತುಬಿಟ್ಟಿದ್ದಾಳೆ. ಈಗ ಕಾರಿನಲ್ಲಿ ವಾಸನೆ ಇಲ್ಲದಿರುವುದು ನಿಜವೇ ಇರಬಹುದು. ನಾಳೆ ಬೇರೆ ಎಂತದೋ ಸೋರಿದರೂ ಅವಳು ಇಲ್ಲ ಎಂದೇ ಹೇಳುತ್ತಾಳೆ. ಕಾರಿನೊಳಗೆ ಇರುವವರು ನಾವಿಬ್ಬರೇ, ಮೂಗು ಇರುವುದು ಅವಳೊಬ್ಬಳಿಗೇ.

ಹಾಗಾಗಿ ಇವತ್ತು ಜಯನನ್ನು ಕರೆಸಿದವನು ನಾನು, ನಿನ್ನ ಅತ್ತೆಯಲ್ಲ. ರಿಕ್ಷಾ ಹತ್ತುವ ಮೊದಲು ಮಗು ನನ್ನ ಅಂಗಿ ಹಿಡಿದು ಕೇಳಿದಳು: "ನಾನು ಇಲ್ಲ ಅಂತಲೇ ಹೇಳಿದ್ದಲ್ವಾ ಅಜ್ಜ, ಮತ್ತೆ ಎಂತಕ್ಕೆ ಕಾರು ಬೇಡ?"

ನಾನು ಅವಳ ಚೀಲವನ್ನು ರಿಕ್ಷಾದೊಳಗೆ ಇಟ್ಟೆ. ನೀನು ತಾಯಿ, ಇದಕ್ಕೆ ಉತ್ತರ ನಿನಗೆ ಬರಬಹುದು. ಕಾಗದ ಸಿಕ್ಕಿದ ದಿನ ಸಂಜೆ ಅವಳಿಗೆ ಫೋನ್ ಮಾಡು. ನನ್ನನ್ನು ಕರೆಯಬೇಡ, ಆ ಹೊತ್ತಿಗೆ ನಾನು ಹೊರಗೆ ಹೋಗಿರುತ್ತೇನೆ.